ಚೆಂಗೀಸ್ ಖಾನ್ ಆಡಿದನೆನ್ನುವ ಮಾತುಗಳು: ಬಾಯಿ ಯಾರದು, ಬರಹ ಯಾರದು?

ಮುದುಕನೊಬ್ಬ ಮಕ್ಕಳನ್ನು ಕರೆದು ಒಂದೊಂದೇ ಕಡ್ಡಿ ಮುರಿಸಿ, ಆಮೇಲೆ ಕಂತೆ ಕೊಟ್ಟು ‘ಈಗ ಮುರಿಯಿರಿ’ ಎಂದ ಕತೆ ನಮಗೆಲ್ಲ ಚಿಕ್ಕಂದಿನಿಂದ ಗೊತ್ತು. ಕಡ್ಡಿಯ ಜಾಗದಲ್ಲಿ ಬಾಣ ಇಟ್ಟರೆ ಅದೇ ಚೆಂಗೀಸ್ ಖಾನನ ಕತೆ. ಅವನು ಬತ್ತಳಿಕೆಯಿಂದ ಬಾಣ ತೆಗೆದು ಮಕ್ಕಳಿಗೆ ಈ ಪಾಠ ಹೇಳಿದ ಎಂದು ಪರ್ಷಿಯನ್ ಇತಿಹಾಸಕಾರ ಜುವೈನಿ ಬರೆದಿದ್ದಾನೆ. ಆದರೆ ಮಂಗೋಲರು ತಮ್ಮದೇ ಭಾಷೆಯಲ್ಲಿ ಬರೆದುಕೊಂಡ ‘ಮಂಗೋಲರ ರಹಸ್ಯ ಇತಿಹಾಸ’ ತೆರೆದು ನೋಡಿ. ಅಲ್ಲಿ ಬಾಣ ಕೊಡುವವಳು ಅಲನ್ ಗೋವಾ. ಅವಳು ಚೆಂಗೀಸನ ಎಷ್ಟೋ ತಲೆಮಾರು ಹಿಂದಿನ ಮೂಲಮಾತೆ. ತನ್ನ ಐದು ಮಕ್ಕಳು ಒಳಗೊಳಗೇ ಪಿಸುಗುಟ್ಟುತ್ತಿದ್ದುದನ್ನು ಕಂಡು ಅವರನ್ನು ಸಾಲಾಗಿ ಕೂರಿಸಿ ಬುದ್ಧಿ ಹೇಳುತ್ತಾಳೆ. ಅಜ್ಜಿಯ ಮಾತು ಮೊಮ್ಮಗನ ಬಾಯಿಗೆ ಬಂತು. ಹೆಸರಿಲ್ಲದವರ ಮಾತು, ಹೆಂಗಸರ ಮಾತು ಕಾಲ ಕಳೆದಂತೆ ಹೆಸರುವಾಸಿಯಾದ ಗಂಡಸಿನ ಕಡೆಗೆ ಜಾರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಕಾಲಾನುಕ್ರಮ ಒಂದಿಷ್ಟು ತಲೆಯಲ್ಲಿರಲಿ. ತೆಮುಜಿನ್ 1206ರಲ್ಲಿ ಚೆಂಗೀಸ್ ಖಾನ್ ಎಂಬ ಬಿರುದು ಪಡೆದ, 1227ರಲ್ಲಿ ತೀರಿಕೊಂಡ. ಅವನು ತನ್ನ ಕೈಯಾರೆ ಬರೆದದ್ದು ಏನೂ ಇಲ್ಲ. ‘ರಹಸ್ಯ ಇತಿಹಾಸ’ ಅವನು ಸತ್ತ ಮೇಲಿನದು. ಅದು ಮುಗಿದದ್ದು ಇಲಿ ವರ್ಷದಲ್ಲಿ ಎಂದು ಗ್ರಂಥದ ಕೊನೆಯಲ್ಲಿದೆ. ಇಲಿ ವರ್ಷ 12 ವರ್ಷಕ್ಕೊಮ್ಮೆ ಬರುವುದರಿಂದ ಅದು 1228ರದೋ, 1240ರದೋ, 1252ರದೋ ಎಂಬ ವಾದ ಇನ್ನೂ ನಡೆದಿದೆ. ಸಾಲದ್ದಕ್ಕೆ, ನಮಗೆ ಪೂರ್ತಿಯಾಗಿ ದಕ್ಕಿರುವುದು ಮಂಗೋಲ್ ಉಚ್ಚಾರಣೆಯನ್ನು ಚೀನೀ ಲಿಪಿಯಲ್ಲಿ ಹಿಡಿದಿಟ್ಟ ಪ್ರತಿ.

ಈಗ ಎಲ್ಲೆಲ್ಲೂ ಓಡಾಡುವ ಆ ಮಾತಿಗೆ ಬರೋಣ: ‘ನಾನು ದೇವರು ಕೊಟ್ಟ ಶಿಕ್ಷೆ. ನೀವು ದೊಡ್ಡ ಪಾಪಗಳನ್ನು ಮಾಡಿರದಿದ್ದರೆ ದೇವರು ನನ್ನಂಥ ಶಿಕ್ಷೆಯನ್ನು ಕಳಿಸುತ್ತಿರಲಿಲ್ಲ.’ 1220ರಲ್ಲಿ ಮಧ್ಯ ಏಷ್ಯಾದ ಬುಖಾರಾ ನಗರ ಬಿದ್ದಾಗ ಊರಿನ ಸಿರಿವಂತರನ್ನು ಸೇರಿಸಿ ಚೆಂಗೀಸ್ ಹೀಗೆಂದ ಎನ್ನುವುದು ಜುವೈನಿಯ ವರ್ಣನೆ. ಜುವೈನಿ ಹುಟ್ಟಿದ್ದೇ 1226ರಲ್ಲಿ. ಅವನ ತಂದೆ ಮಂಗೋಲರ ಕೈಕೆಳಗೆ ಅಧಿಕಾರಿ. ಜುವೈನಿಯೂ ಮುಂದೆ ಬಾಗ್ದಾದಿನ ಆಡಳಿತ ವಹಿಸಿಕೊಂಡ. ಅವನ ಇಕ್ಕಟ್ಟನ್ನು ಸ್ವಲ್ಪ ಊಹಿಸಿಕೊಳ್ಳಿ. ಮುಸ್ಲಿಂ ವಿದ್ವಾಂಸ, ತನ್ನ ಧರ್ಮದವರ ಊರುಗಳನ್ನು ಸುಟ್ಟವರಲ್ಲಿ ನೌಕರಿ. ಈ ವಿಪತ್ತು ನಮ್ಮ ಪಾಪಕ್ಕೆ ದೇವರ ದಂಡನೆ ಎಂದುಕೊಂಡರೆ ಒಡೆಯನನ್ನೂ ಬೈಯಬೇಕಿಲ್ಲ, ನಂಬಿಕೆಯನ್ನೂ ಬಿಡಬೇಕಿಲ್ಲ. ಆ ವಾಕ್ಯದಲ್ಲಿ ನನಗೆ ಕೇಳಿಸುವುದು ಹುಲ್ಲುಗಾವಲಿನ ಒರಟು ದನಿಯಲ್ಲ, ಬರೆದವನದೇ ನೋವು.

ಇದರ ಪಕ್ಕಕ್ಕೆ ಅರಬ್ಬೀ ಇತಿಹಾಸಕಾರ ಇಬ್ನ್ ಅಲ್-ಅಥೀರನನ್ನು ಇಟ್ಟು ಓದಿ. ಅವನು ಮೋಸುಲ್‌ನಲ್ಲಿದ್ದ, ಘಟನೆ ನಡೆದಾಗ ಬದುಕಿದ್ದ, 1233ರಲ್ಲಿ ತೀರಿಕೊಂಡ. ಅವನ ಬರಹದಲ್ಲೂ ಚೆಂಗೀಸ್ ಬುಖಾರಾದ ಪ್ರಮುಖರನ್ನು ಕರೆಸುತ್ತಾನೆ. ಆದರೆ ಕೇಳುವುದು ಬೆಳ್ಳಿಯನ್ನು: ಖ್ವಾರಜ್ಮ್ ಷಾ (ಬುಖಾರಾ ಆಗ ಅವನ ರಾಜ್ಯದಲ್ಲಿತ್ತು) ನಿಮಗೆ ಮಾರಿದ ಬೆಳ್ಳಿ ನನ್ನದು, ನನ್ನ ಜನರಿಂದ ಕಿತ್ತುಕೊಂಡದ್ದು, ಅದನ್ನು ತಂದುಕೊಡಿ ಎಂಬುದು ಅದರ ತಾತ್ಪರ್ಯ. 1218ರಲ್ಲಿ ಅದೇ ರಾಜ್ಯದ ಒತ್ರಾರ್‌ನಲ್ಲಿ ಮಂಗೋಲರ ವರ್ತಕರನ್ನು ಕೊಂದು ಸರಕು ಲೂಟಿ ಮಾಡಿದ್ದರು, ಯುದ್ಧ ಹೊತ್ತಿಕೊಂಡದ್ದೇ ಅಲ್ಲಿಂದ. ಬೆಳ್ಳಿಯ ಮಾತು ಆ ಜಗಳಕ್ಕೆ ಸರಿಯಾಗಿ ಕೂರುತ್ತದೆ. ಇಬ್ನ್ ಅಲ್-ಅಥೀರನೂ ಕಣ್ಣಾರೆ ಕಂಡವನಲ್ಲ, ಹಾಗಾಗಿ ಪದಗಳು ಅಕ್ಷರಶಃ ಅವೇ ಎನ್ನಲಾಗದು. ಆದರೂ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಬೆಳ್ಳಿಯ ಕಡೆ.

ಹಾಗೆಂದು ಹಳೆಯದೆಲ್ಲ ನಿಜ, ತಡವಾದದ್ದೆಲ್ಲ ಸುಳ್ಳು ಎಂದು ಉತ್ತರಪತ್ರಿಕೆಯಲ್ಲಿ ಬರೆದುಬಿಡಬೇಡಿ. ಗಂಡಸಿಗೆ ಅತಿ ದೊಡ್ಡ ಸುಖ ಯಾವುದು ಎಂದು ಚೆಂಗೀಸ್ ಕೇಳಿದಾಗ, ಗೆಳೆಯ ಬೋರ್ಚು ವಸಂತದಲ್ಲಿ ಗಿಡುಗ ಹಿಡಿದು ಬೇಟೆಗೆ ಹೋಗುವುದು ಎಂದನಂತೆ. ಅದಲ್ಲ, ವೈರಿಯನ್ನು ಸೋಲಿಸಿ, ಅವನ ಆಸ್ತಿ ಕಸಿದು, ಅವನ ಕುದುರೆಗಳನ್ನು ಏರಿ, ಅವನ ಹೆಂಡಿರನ್ನು ಅಪ್ಪುವುದು ಎಂದು ಚೆಂಗೀಸ್ ಉತ್ತರಿಸಿದನಂತೆ. ಇದು ರಶೀದ್ ಅಲ್-ದೀನನ ಇತಿಹಾಸದಲ್ಲಿದೆ. ಅವನು ಇರಾನನ್ನು ಆಳುತ್ತಿದ್ದ ಮಂಗೋಲ್ ದೊರೆಗಳಾದ ಇಲ್‌ಖಾನರ ವಜೀರ. ಬರೆದದ್ದು 14ನೇ ಶತಮಾನದ ಆರಂಭದಲ್ಲಿ, ಅಂದರೆ ಖಾನ್ ಸತ್ತು ಮುಕ್ಕಾಲು ಶತಮಾನ ಆದ ಮೇಲೆ. ಇಷ್ಟು ತಡವಾದರೂ ನಾನು ಇದನ್ನು ತಳ್ಳಿಹಾಕುವುದಿಲ್ಲ. ಖಾನನ ನುಡಿಗಳನ್ನು ಮಂಗೋಲರು ‘ಬಿಲಿಗ್’ ಎಂದು ಕರೆದು ಬಾಯಿಪಾಠವಾಗಿ ಉಳಿಸಿಕೊಂಡಿದ್ದರು. ರಶೀದನಿಗೆ ಮಂಗೋಲ್ ಸಂಗತಿಗಳನ್ನು ಹೇಳಿಕೊಟ್ಟವನು ಚೆಂಗೀಸನ ಮೊಮ್ಮಗ ಕುಬ್ಲಾಯ್ ಖಾನನ ಆಸ್ಥಾನದಿಂದ ಬಂದ ಬೋಲದ್. ಮಾತು ನಡೆದುಬಂದ ದಾರಿ ಅರ್ಧವಾದರೂ ಕಾಣುತ್ತದೆ. ಬಾಯಿಂದ ಬಾಯಿಗೆ ದಾಟುವಾಗ ಅದು ಎಷ್ಟು ಬೆಳೆಯಿತೋ ಅಳೆಯಲಾಗದು, ಆದ್ದರಿಂದ ‘ಚೆಂಗೀಸ್ ಹೇಳಿದ’ ಎನ್ನುವ ಬದಲು ‘ರಶೀದ್ ಅಲ್-ದೀನ್ ದಾಖಲಿಸಿದಂತೆ’ ಎಂದು ಬರೆಯಿರಿ. ಇನ್ನೊಂದು: ಈ ಮಾತನ್ನು ಹಂಚುವವರು ಬೋರ್ಚುವಿನ ಗಿಡುಗವನ್ನು ಕತ್ತರಿಸಿಬಿಡುತ್ತಾರೆ. ಅದು ಹೋದರೆ ಗೆಳೆಯರ ಹರಟೆ ಹೋಗಿ ಘೋಷಣೆಯಷ್ಟೇ ಉಳಿಯುತ್ತದೆ.

‘ಕುದುರೆ ಮೇಲೆ ಕೂತು ರಾಜ್ಯ ಗೆಲ್ಲಬಹುದು, ಆಳಲಾಗದು’ ಎಂಬುದನ್ನೂ ಚೆಂಗೀಸನ ಹೆಸರಿಗೆ ಹಚ್ಚುತ್ತಾರೆ. ಚೀನೀ ದಾಖಲೆಗಳ ಪ್ರಕಾರ ಅದು ಅವನ ಮಗ ಓಗೊದೈಗೆ ಖಿತಾನ್ ಜನಾಂಗದ ಮಂತ್ರಿ ಯೆಲು ಚುತ್ಸಾಯ್ ಹೇಳಿದ ಬುದ್ಧಿಮಾತು. ಆ ಮಂತ್ರಿಗೂ ಅದು ಸ್ವಂತದ್ದಲ್ಲ. ಚೀನಾದ ಹಾನ್ ವಂಶದ ಮೊದಲ ಚಕ್ರವರ್ತಿಗೆ ಲು ಜಿಯಾ ಎಂಬ ಪಂಡಿತ ಇದನ್ನೇ ಹೇಳಿದ್ದನ್ನು ಚೀನೀ ಇತಿಹಾಸಕಾರ ಸಿಮಾ ಚಿಯಾನ್ ಬರೆದಿಟ್ಟಿದ್ದ, ಚೆಂಗೀಸ್ ಹುಟ್ಟುವುದಕ್ಕೆ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ.