ಅಮೆರಿಕದ ಚಿಕ್ಕ ನಗರದ ಡಾಕ್ಟರ ಲೆಕ್ಕದ ಪುಸ್ತಕ ಓದುವುದು ಹೇಗೆ (1900–1920)

ಹಳೆಯ ಡಾಕ್ಟರೊಬ್ಬರ ದಾಖಲೆಯನ್ನು ಮೊದಲ ಸಲ ತೆರೆದವರಿಗೆ ಬೇಸರ ಆಗುವುದೇ ಜಾಸ್ತಿ. ಕಾಯಿಲೆಗಳ ಕಥೆ ಇರುತ್ತದೆ ಎಂದುಕೊಂಡು ತೆರೆದರೆ ಸಿಗುವುದು ಹೆಸರು, ತಾರೀಖು, ಡಾಲರ್, ಸೆಂಟ್. ಇದಕ್ಕೆ ಕಾರಣ ಸರಳ. ರೋಗಿಗೆ ಏನಾಯಿತು ಎಂದು ನೆನಪಿಡಲು ಬರೆದ ಪುಸ್ತಕ ಅದಲ್ಲ. ಯಾರಿಂದ ಎಷ್ಟು ಬರಬೇಕು ಎಂದು ನೆನಪಿಡಲು ಬರೆದದ್ದು. ಇದೊಂದನ್ನು ಮರೆಯದಿದ್ದರೆ ಉಳಿದದ್ದೆಲ್ಲ ನಿಧಾನವಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ಅವರ ಕೆಲಸ ಹೇಗಿತ್ತು ನೋಡೋಣ. ಎಷ್ಟೋ ಡಾಕ್ಟರರು ಮನೆಯ ಒಂದು ಕೋಣೆಯಲ್ಲೋ ಅಂಗಡಿಯ ಮಹಡಿಯಲ್ಲೋ ಕೂತು ರೋಗಿಗಳನ್ನು ನೋಡುತ್ತಿದ್ದರು. ದಿನದ ಉಳಿದ ಹೊತ್ತೆಲ್ಲ ಮನೆಮನೆಗೆ ಹೋಗುವುದು. ಹೆರಿಗೆ ಬಹುಪಾಲು ಮನೆಯಲ್ಲೇ ಆಗುತ್ತಿತ್ತು. ಊರ ಹೊರಗೆ ಹೋದರೆ ಮೈಲಿ ಲೆಕ್ಕದಲ್ಲಿ ಹೆಚ್ಚಿನ ಫೀಸು, ರಾತ್ರಿ ಹೋದರೆ ಇನ್ನಷ್ಟು. 1908ರಲ್ಲಿ ಫೋರ್ಡ್ ಮಾಡೆಲ್ ಟಿ ಬಂದ ಮೇಲೆ ಕುದುರೆಗಾಡಿ ಬಿಟ್ಟು ಕಾರು ಹಿಡಿದವರಲ್ಲಿ ಡಾಕ್ಟರರು ಮುಂದಿದ್ದರು. ಓದಿನ ವಿಷಯದಲ್ಲಿ ಎಲ್ಲರೂ ಒಂದೇ ಮಟ್ಟದವರಲ್ಲ. 1910ರ ಫ್ಲೆಕ್ಸ್‌ನರ್ ವರದಿ ಅಮೆರಿಕ ಮತ್ತು ಕೆನಡಾದ 155 ವೈದ್ಯ ಶಾಲೆಗಳನ್ನು ಪರಿಶೀಲಿಸಿತು. ಪ್ರಯೋಗಾಲಯ ಇಲ್ಲದ, ಕಲಿಸಲು ಆಸ್ಪತ್ರೆಯೇ ಇಲ್ಲದ ಎಷ್ಟೋ ಶಾಲೆಗಳನ್ನು ಬಯಲಿಗೆಳೆಯಿತು. ಹಾಗಾಗಿ ಒಬ್ಬರ ಪುಸ್ತಕ ನೋಡಿ ‘ಆ ಕಾಲದ ಡಾಕ್ಟರರೆಲ್ಲ ಹೀಗೇ’ ಎಂದು ಬರೆಯಬೇಡಿ.

ಈಗ ಪುಸ್ತಕಗಳಿಗೆ ಬರೋಣ. ಕೋಟಿನ ಜೇಬಿನಲ್ಲಿ ಇರುತ್ತಿದ್ದದ್ದು ಭೇಟಿ ಪುಸ್ತಕ. ಎಡಗಡೆ ಹೆಸರುಗಳು, ಮುಂದೆ ವಾರದ ದಿನಗಳ ಚಿಕ್ಕ ಚಿಕ್ಕ ಚೌಕಗಳು. ಒಂದು ಭೇಟಿಗೆ ಒಂದು ಗೆರೆ, ಅಷ್ಟೇ. ಹೆರಿಗೆಗೆ, ಸಿಡುಬಿನ ಲಸಿಕೆಗೆ ಬೇರೆ ಪುಟಗಳು. ಔಷಧದ ಪ್ರಮಾಣ, ವಿಷಕ್ಕೆ ಪ್ರತಿವಿಷ, ಹೆರಿಗೆಯ ದಿನ ಲೆಕ್ಕ ಹಾಕುವ ಪಟ್ಟಿ, ಇಂಥವನ್ನೂ ಅದರಲ್ಲೇ ಅಚ್ಚು ಹಾಕುತ್ತಿದ್ದರು. ಈ ಗೆರೆಗಳನ್ನು ಬಿಡುವಾದಾಗ ದೊಡ್ಡ ಪುಸ್ತಕಕ್ಕೆ ಏರಿಸಬೇಕು. ನಮ್ಮ ಮಾತಿನಲ್ಲಿ ಹೇಳುವುದಾದರೆ ಕಿರ್ದಿಯಿಂದ (ದಿನದ ಲೆಕ್ಕ) ಖತಾವಣಿಗೆ (ಹೆಸರುವಾರು ಲೆಕ್ಕ).

ಈ ಖತಾವಣಿಯಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಪ್ರತಿ ಹೆಸರಿನ ಮುಂದೆ ‘ಡಿ, ಆರ್’ ಎಂಬ ಎರಡು ಅಕ್ಷರ ಇರುತ್ತದೆ. ಊರಿನಲ್ಲಿ ಇಷ್ಟೊಂದು ಡಾಕ್ಟರರಿದ್ದರೇ ಎಂದು ಅನ್ನಿಸುತ್ತದೆ ಅಲ್ವಾ? ಅದು ಡಾಕ್ಟರ್ ಅಲ್ಲ. ಲೆಕ್ಕಪತ್ರದ ಭಾಷೆಯಲ್ಲಿ ಅದು ಡೆಟರ್, ಅಂದರೆ ಕೊಡಬೇಕಾದವರು. ಇನ್ನೊಂದು ಬದಿ ಜಮಾ. ಈ ಜಮಾ ಬದಿಯನ್ನು ಬಿಡದೆ ಓದಿ. ನಗದು ಬರದಾಗ ಸೌದೆ, ಹುಲ್ಲು, ಆಲೂಗಡ್ಡೆ, ಕೋಳಿ ಕೊಟ್ಟು ಬಾಕಿ ತೀರಿಸಿದ್ದು ಅಲ್ಲಿ ಸಿಗುತ್ತದೆ. ಡಾಕ್ಟರ ಮನೆಗೆ ಬಂದು ದುಡಿದ ದಿನಗಳೂ ಜಮಾ ಆಗಿರುತ್ತವೆ. ವರ್ಷಗಟ್ಟಲೆ ಒಂದು ಸೆಂಟೂ ಬಾರದ ಮನೆಗೆ ಗೆರೆಗಳು ಮಾತ್ರ ನಿಂತಿಲ್ಲದಿದ್ದರೆ, ಆ ಡಾಕ್ಟರ ಬಗ್ಗೆ ನಿಮಗೆ ಗೊತ್ತಾಗಬೇಕಾದದ್ದು ಬಹಳಷ್ಟು ಅಲ್ಲೇ ಇದೆ. ನನಗೆ ಇಡೀ ದಾಖಲೆಯಲ್ಲಿ ಮನಸ್ಸಿಗೆ ತಟ್ಟುವ ಭಾಗ ಇದೇ.

ನಡುನಡುವೆ ಔಷಧದ ಗುರುತುಗಳು ಬರುತ್ತವೆ. ಇಂಗ್ಲಿಷ್ ಅಂಕಿ 3ರಂತೆ ಕಾಣುವುದು ಡ್ರಾಮ್. ಅದರ ನೆತ್ತಿಗೆ ಇನ್ನೊಂದು ಸುತ್ತು ಸೇರಿದರೆ ಔನ್ಸ್. ಔಷಧದ ಅಳತೆಯಲ್ಲಿ 60 ಗ್ರೇನ್‌ಗೆ ಒಂದು ಡ್ರಾಮ್, 8 ಡ್ರಾಮ್‌ಗೆ ಒಂದು ಔನ್ಸ್. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಡ್ರಾಮನ್ನು ಔನ್ಸ್ ಎಂದು ಓದಿದರೆ ಲೆಕ್ಕ ಎಂಟು ಪಟ್ಟಾಗಿ ಎಲ್ಲಿಗೋ ಹೋಗುತ್ತದೆ, ಅದಕ್ಕೇ ಹೇಳಿದೆ.

ರೋಗದ ಹೆಸರು ಬರೆದಿದ್ದರೂ ಸುಮ್ನೆ ಇಂದಿನ ಅರ್ಥ ಹಚ್ಚಬೇಡಿ. ‘ಕನ್ಸಂಪ್ಷನ್’ ಎಂದರೆ ಹೆಚ್ಚಾಗಿ ಕ್ಷಯ. ‘ಲಾ ಗ್ರಿಪ್’ ಎಂದರೆ ಫ್ಲೂ. ‘ಸಮ್ಮರ್ ಕಂಪ್ಲೇಂಟ್’ ಬೇಸಿಗೆಯಲ್ಲಿ ಎಳೆಯ ಮಕ್ಕಳಿಗೆ ಬರುತ್ತಿದ್ದ ಭೇದಿ. ‘ಡ್ರಾಪ್ಸಿ’ ಎಂದರೆ ನೀರು ತುಂಬಿ ಮೈ ಊದಿಕೊಳ್ಳುವುದು. ಅದು ಹೃದಯದ ತೊಂದರೆಯೋ ಕಿಡ್ನಿಯದೋ, ಆ ಪದದಿಂದ ತಿಳಿಯುವುದಿಲ್ಲ. ‘ಕನ್ಫೈನ್‌ಮೆಂಟ್’ ಎಂದರೆ ಯಾರನ್ನೂ ಕೂಡಿಹಾಕಿದ್ದಲ್ಲ, ಹೆರಿಗೆ.

ಹಾಗಾದರೆ ರೋಗಿಯ ಪೂರ್ತಿ ಕಥೆ ಎಲ್ಲಿತ್ತು? ಡಾಕ್ಟರ ತಲೆಯಲ್ಲಿತ್ತು. ಒಬ್ಬರೇ ಇಡೀ ಮನೆಯವರನ್ನು ವರ್ಷಾನುಗಟ್ಟಲೆ ನೋಡುತ್ತಿದ್ದಾಗ ಬರೆಯುವ ಅಗತ್ಯ ಅವರಿಗೆ ಕಾಣಲಿಲ್ಲ. ಮಿನೆಸೋಟ ರಾಜ್ಯದ ರಾಚೆಸ್ಟರ್ ಕೂಡ ಆಗ ಚಿಕ್ಕ ಊರೇ. ಆದರೆ ಅಲ್ಲಿನ ಮೇಯೊ ಕ್ಲಿನಿಕ್‌ನಲ್ಲಿ ಒಬ್ಬ ರೋಗಿಯನ್ನು ಹಲವರು ನೋಡುತ್ತಿದ್ದರು. ಒಬ್ಬೊಬ್ಬ ಡಾಕ್ಟರರದೂ ಒಂದೊಂದು ಪುಸ್ತಕ, ಬೇಕಾದದ್ದು ಹುಡುಕಿದರೆ ಸಿಗದು. 1907ರಲ್ಲಿ ಅಲ್ಲಿನ ಡಾಕ್ಟರ್ ಹೆನ್ರಿ ಪ್ಲಮರ್ ಪ್ರತಿ ರೋಗಿಗೂ ಒಂದು ನಂಬರ್ ಕೊಟ್ಟು, ಆ ರೋಗಿಯ ಕಾಗದಗಳನ್ನೆಲ್ಲ ಒಂದೇ ಕಡೆ ಸೇರಿಸಿದರು. ಈ ಕೆಲಸದಲ್ಲಿ ಪ್ಲಮರ್ ಜೊತೆಗೆ ಮೇಬಲ್ ರೂಟ್ ಎಂಬವರೂ ಇದ್ದರು. ಇಂದಿನ ಆಸ್ಪತ್ರೆ ಫೈಲಿನ ಬೇರು ಇದು. ಒಬ್ಬಂಟಿ ಡಾಕ್ಟರರ ಪುಸ್ತಕದಲ್ಲಿ ಇದನ್ನು ಹುಡುಕಬಾರದು.

ಡಾಕ್ಟರರನ್ನು ಬರೆಯಲು ಹಚ್ಚಿದ ಇನ್ನೊಂದು ಶಕ್ತಿ ಸರ್ಕಾರ. ಗಂಟಲಮಾರಿ (ಡಿಫ್ತೀರಿಯಾ), ಸಿಡುಬಿನಂಥ ಅಂಟುರೋಗ ಕಂಡರೆ ಆರೋಗ್ಯ ಮಂಡಳಿಗೆ ತಿಳಿಸಬೇಕಿತ್ತು. ಮರಣ ಪ್ರಮಾಣಪತ್ರದಲ್ಲಿ ಕಾರಣ ಬರೆಯಬೇಕಿತ್ತು. ಆದರೆ ಎಲ್ಲ ರಾಜ್ಯಗಳೂ ದೇಶದ ಮರಣ ನೋಂದಣಿ ವಲಯಕ್ಕೆ, ಅಂದರೆ ಸಾವುಗಳನ್ನು ಸರಿಯಾಗಿ ದಾಖಲಿಸುವ ರಾಜ್ಯಗಳ ಗುಂಪಿಗೆ, ಸೇರಿದ್ದು 1933ರ ಹೊತ್ತಿಗೆ. ನೀವು ಓದುತ್ತಿರುವ ರಾಜ್ಯ ಯಾವ ವರ್ಷ ಸೇರಿತು ಎಂದು ಮೊದಲೇ ನೋಡಿಕೊಳ್ಳಿ. 1914ರ ಹ್ಯಾರಿಸನ್ ಕಾಯ್ದೆ 1915ರ ಮಾರ್ಚ್ 1ರಿಂದ ಜಾರಿಗೆ ಬಂತು. ಅಫೀಮು, ಮಾರ್ಫೀನ್, ಕೊಕೇನ್ ಕೊಡುವ ಡಾಕ್ಟರರು ಹೆಸರು ನೋಂದಾಯಿಸಬೇಕಾಯಿತು. ಯಾರಿಗೆ ಎಷ್ಟು ಕೊಟ್ಟೆ ಎಂಬ ಲೆಕ್ಕವನ್ನು 2 ವರ್ಷ ಇಟ್ಟುಕೊಳ್ಳಬೇಕಾಯಿತು. ತಾವೇ ಹೋಗಿ ನೋಡುವ ರೋಗಿಗೆ ಕೊಟ್ಟಿದ್ದಕ್ಕೆ ಮಾತ್ರ ವಿನಾಯಿತಿ ಇತ್ತು.

ಅಭ್ಯಾಸಕ್ಕೆ ಒಂದೇ ಮನೆ, ಒಂದೇ ತಿಂಗಳು ಆರಿಸಿಕೊಳ್ಳಿ. ಭೇಟಿ ಪುಸ್ತಕದಲ್ಲಿ ಐದು ದಿನ ದಿನವೂ ಗೆರೆ ಇದೆ, ಆರನೇ ದಿನ ಇಲ್ಲ ಎಂದುಕೊಳ್ಳಿ. ಖತಾವಣಿಯಲ್ಲಿ ಆ ಮನೆಯ ಮಗುವಿಗೆ ಕೊಟ್ಟ ಗಂಟಲಮಾರಿಯ ಆಂಟಿಟಾಕ್ಸಿನ್‌ಗೆ (ರೋಗದ ವಿಷ ತಡೆಯುವ ಮದ್ದು) ಹಣ ಹಾಕಿದ್ದಾರೆ. ಮಗು ಗುಣವಾಯಿತೋ ಹೋಯಿತೋ ಈ ಎರಡು ಪುಸ್ತಕ ಹೇಳುವುದಿಲ್ಲ. ಗೆರೆ ನಿಂತದ್ದಕ್ಕೆ ಎರಡೂ ಕಾರಣವಾಗಬಹುದು. ಆಗ ಆ ವಾರದ ಮರಣ ನೋಂದಣಿ ತೆರೆಯಿರಿ. ಅಲ್ಲಿ ಆ ಹೆಸರು ಇಲ್ಲದಿದ್ದರೆ ಭೇಟಿ ಪುಸ್ತಕಕ್ಕೇ ಹಿಂತಿರುಗಿ, ಮುಂದಿನ ತಿಂಗಳುಗಳಲ್ಲಿ ಅದೇ ಮನೆಯ ಹೆಸರಿನ ಮುಂದೆ ಮತ್ತೆ ಗೆರೆ ಬರುತ್ತದೆಯೇ ಎಂದು ಪುಟ ತಿರುಗಿಸುತ್ತಾ ಹೋಗಿ.