ಕ್ರೊಸಾಂಟ್ ಪದರ ಬಿಚ್ಚುವುದು ಹೇಗೆ?

ಫ್ರಾನ್ಸ್ ಅಂದ್ರೆ ಕ್ರೊಸಾಂಟ್, ಅಂದರೆ ಪದರಪದರವಾದ ಬೆಣ್ಣೆಯ ಬೇಕರಿ ತಿಂಡಿ, ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಅದರ ಮೂಲ ಆಸ್ಟ್ರಿಯಾದ್ದು. ಅರ್ಧಚಂದ್ರದ ಆಕಾರದ ಕಿಪ್ಫೆರ್ಲ್ ಎಂಬ ಬನ್ನು ವಿಯೆನ್ನಾದಲ್ಲಿ ಶತಮಾನಗಳಿಂದ ಇತ್ತು. 1830ರ ದಶಕದ ಕೊನೆಗೆ ಆಗಸ್ಟ್ ತ್ಸಾಂಗ್ ಎಂಬಾತ ಪ್ಯಾರಿಸ್‌ನಲ್ಲಿ ವಿಯೆನ್ನಾ ಶೈಲಿಯ ಬೇಕರಿ ತೆರೆದ. ಜನ ಮುಗಿಬಿದ್ದರು. ಆಸ್ಟ್ರಿಯಾದಲ್ಲಿ ಹುಟ್ಟಿ ಫ್ರಾನ್ಸ್‌ನ ರಾಣಿಯಾದ ಮೇರಿ ಆಂಟೊನೆಟ್ ಇದನ್ನು ತಂದಳು ಎಂಬ ಕಥೆಯೂ ಇದೆ, ಅದಕ್ಕೆ ಆಧಾರವಿಲ್ಲ.

ಕಿಪ್ಫೆರ್ಲ್‌ಗೆ ಈಗಿನ ಪದರಗಳಿರಲಿಲ್ಲ. ಬೆಣ್ಣೆ ಇಟ್ಟು ಮಡಚುವ ಪೇಸ್ಟ್ರಿ ಫ್ರಾನ್ಸ್‌ನಲ್ಲಿ 17ನೇ ಶತಮಾನದಲ್ಲೇ ಇತ್ತು. ಆ ಕೈಚಳಕವನ್ನು ಯೀಸ್ಟ್ ಹಾಕಿದ ಹಿಟ್ಟಿಗೆ ಬೆಸೆದದ್ದು ಫ್ರೆಂಚರು. ಈಗಿನ ಕ್ರೊಸಾಂಟ್ ರೂಪ ಪಡೆದದ್ದು 20ನೇ ಶತಮಾನದ ಆರಂಭದಲ್ಲಿ. ನನ್ನ ಪ್ರಕಾರ ನಿಜವಾದ ಆವಿಷ್ಕಾರ ಇದೇ.

ಕೆಲಸ ನೋಡಿ. ಲಟ್ಟಿಸಿದ ಹಿಟ್ಟಿನ ನಡುವೆ ಚಪ್ಪಟೆ ಬೆಣ್ಣೆ ಇಟ್ಟು ಮುಚ್ಚುತ್ತಾರೆ. ಮತ್ತೆ ಲಟ್ಟಿಸಿ, ಮೂರು ಮಡಿಕೆ ಹಾಕುತ್ತಾರೆ. ಹೀಗೆ ಮೂರು ಸಲ ಮಾಡಿದರೆ ಬೆಣ್ಣೆಯ ಪದರ 3, 9, ಕೊನೆಗೆ 27. ಪ್ರತಿ ಮಡಿಕೆಯ ನಂತರ ಹಿಟ್ಟನ್ನು ಫ್ರಿಜ್‌ನಲ್ಲಿ ಇಡಬೇಕು. ಇಲ್ಲದಿದ್ದರೆ ಗ್ಲುಟೆನ್ (ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನ್) ಬಿಗಿದುಕೊಂಡು, ಎಷ್ಟು ಲಟ್ಟಿಸಿದರೂ ಹಿಟ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಬೆಣ್ಣೆಯದ್ದೂ ಒಂದು ಹಟ. ತೀರಾ ತಣ್ಣಗಿದ್ದರೆ ಚೂರುಚೂರಾಗಿ ಒಡೆಯುತ್ತದೆ, ಬೆಚ್ಚಗಾದರೆ ಹಿಟ್ಟಿನೊಳಗೆ ಇಂಗಿಬಿಡುತ್ತದೆ. ಆಮೇಲೆ ಸಿಗುವುದು ಬರೀ ಬೆಣ್ಣೆ ಬನ್ನು.

ಇನ್ನು ಒಲೆಯೊಳಗೆ. ಫ್ರಾನ್ಸ್‌ನ ಬೆಣ್ಣೆಯಲ್ಲಿ ಕನಿಷ್ಠ 82% ಕೊಬ್ಬು ಇರುತ್ತದೆ, ಸುಮಾರು 16% ನೀರು. ಕಾವು ಏರಿದಂತೆ ಈ ನೀರು, ಹಿಟ್ಟಿನ ನೀರು ಎರಡೂ ಹಬೆಯಾಗುತ್ತವೆ. ನೀರು ಹಬೆಯಾದಾಗ ಸುಮಾರು 1,600 ಪಟ್ಟು ಜಾಗ ಬೇಡುತ್ತದೆ. ನಡುವೆ ಕರಗಿದ ಕೊಬ್ಬು ಇರುವುದರಿಂದ ಹಿಟ್ಟಿನ ಹಾಳೆಗಳು ಒಂದಕ್ಕೊಂದು ಅಂಟುವುದಿಲ್ಲ. ಹಬೆ ಅವನ್ನು ಮೇಲಕ್ಕೆ ಎತ್ತುತ್ತದೆ. ಯೀಸ್ಟ್‌ನಿಂದ ಹುಟ್ಟಿದ ಅನಿಲವೂ ಉಬ್ಬಿ ಒಳಗೆ ಜೇನುಗೂಡಿನಂಥ ಕಣ್ಣುಗಳು ಮೂಡುತ್ತವೆ. ಅಷ್ಟರಲ್ಲಿ ಪಿಷ್ಟ ಬೆಂದು ಗಟ್ಟಿಯಾಗಿ, ಎದ್ದ ಪದರ ಹಾಗೇ ನಿಲ್ಲುತ್ತದೆ.

ಬೆಣ್ಣೆಯ ಬದಲು ಮಾರ್ಗರಿನ್ (ಎಣ್ಣೆಯಿಂದ ಮಾಡುವ ಬೆಣ್ಣೆಯಂಥ ಕೊಬ್ಬು) ಹಾಕಿದರೂ ಪದರ ಏಳುತ್ತದೆ. ಲಟ್ಟಿಸುವುದೂ ಸುಲಭ, ಯಾಕೆಂದರೆ ಪೇಸ್ಟ್ರಿ ಮಾರ್ಗರಿನ್ ಬೇಗ ಕರಗುವುದಿಲ್ಲ. ತೊಂದರೆಯೂ ಅಲ್ಲೇ ಇದೆ. ಬೆಣ್ಣೆ ಸುಮಾರು 35 ಡಿಗ್ರಿಯೊಳಗೆ ಕರಗುತ್ತದೆ, ನಮ್ಮ ಬಾಯಿಯ ಬಿಸಿ ಅದಕ್ಕೆ ಸಾಕು. ಮಾರ್ಗರಿನ್ ಬಾಯಿಯ ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ. ಫ್ರಾನ್ಸ್‌ನ ಎಷ್ಟೋ ಬೇಕರಿಗಳಲ್ಲಿ ಬೆಣ್ಣೆಯ ಕ್ರೊಸಾಂಟ್ ನೇರ, ಮಾರ್ಗರಿನ್‌ನದ್ದು ಬಾಗಿದ್ದು. ಕಾನೂನಲ್ಲ, ರೂಢಿ ಅಷ್ಟೇ. ಅಲ್ಲಿಗೆ ಹೋದರೆ ನೇರವಾದದ್ದನ್ನೇ ಕೇಳಿ.