ತೆರಿಗೆ, ಸರ್ಕಾರಿ ಕೆಲಸ, ಮಧ್ಯಮ ವರ್ಗ: ಪಕ್ಷಗಳ ಜಗಳ ನಿಜವಾಗ್ಲೂ ಎಲ್ಲಿದೆ?

ಕಾರವಾರದಲ್ಲಿ ನಾವು ಐದು ಜನ ಒಟ್ಟಿಗೆ ಕೂತು ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದೋರು, ಇಬ್ಬರು ಎಫ್‌ಡಿಎಗೆ (ಪ್ರಥಮ ದರ್ಜೆ ಸಹಾಯಕ), ಇಬ್ಬರು ಪಿಡಿಒಗೆ (ಪಂಚಾಯತ್ ಅಭಿವೃದ್ಧಿ ಅಧಿಕಾರಿ), ನಾನು ಕೆಎಎಸ್‌ಗೆ (ರಾಜ್ಯ ಆಡಳಿತ ಸೇವೆ). ಹೋದ ವಾರ ಪ್ರಬಂಧ ಪೇಪರ್‌ಗೆ ಅಂತ ತೆರಿಗೆ, ಮಧ್ಯಮ ವರ್ಗದ ವಿಷಯ ತಗೊಂಡ್ವಿ, ಹತ್ತು ನಿಮಿಷದಲ್ಲಿ ಓದೋದು ಬಿಟ್ಟು ಪಕ್ಷದ ಜಗಳ ಆಗೋಯ್ತು, ಒಬ್ಬ ಕೇಂದ್ರದ ಪರ, ಒಬ್ಬಳು ರಾಜ್ಯದ ಪರ, ಇಬ್ರೂ ಹೇಳ್ತಿದ್ದ ಅಂಕಿ ಸರಿಯಾಗೇ ಇತ್ತು ಆದ್ರೆ ಒಬ್ರ ಮಾತು ಇನ್ನೊಬ್ರಿಗೆ ತಾಗ್ತಾನೇ ಇರ್ಲಿಲ್ಲ. ರಾತ್ರಿ ನೋಟ್ಸ್ ಬರೆಯೋಕೆ ಕೂತಾಗ ಕಾರಣ ಗೊತ್ತಾಯ್ತು. ‘ಮಧ್ಯಮ ವರ್ಗ’ ಅಂತ ಇಬ್ರೂ ಹೇಳಿದ್ರೂ ಅವರ ಕಣ್ಮುಂದೆ ಇದ್ದ ಮನೆ ಬೇರೆ ಬೇರೆ. ಪಕ್ಷಗಳದ್ದೂ ಇದೇ ಕತೆ ಅನ್ನೋದು ನನ್ನ ಅಭಿಪ್ರಾಯ, ಹಾಗಾಗಿ ಈ ವಿಷಯ ಓದೋವಾಗ ಮೊದಲು ಕೇಳ್ಬೇಕಾದ್ದು ತೆರಿಗೆ ಜಾಸ್ತಿನಾ ಕಮ್ಮಿನಾ ಅಂತ ಅಲ್ಲ, ಯಾರ ಮನೆ ಬಗ್ಗೆ ಮಾತಾಡ್ತಿದಾರೆ ಅಂತ.

ಸರ್ಕಾರದ ಲೆಕ್ಕದಲ್ಲೇ ಗೆರೆ ಒಂದಲ್ಲ. ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯ 1.2 ಲಕ್ಷ ದಾಟಬಾರದು. ಸಂವಿಧಾನದ 2019ರ 103ನೇ ತಿದ್ದುಪಡಿಯಿಂದ ಬಂದ ಆರ್ಥಿಕ ದುರ್ಬಲ ವರ್ಗದ 10% ಮೀಸಲಾತಿಗೆ, ಕೇಂದ್ರದಲ್ಲಿ ಮಿತಿ 8 ಲಕ್ಷ. ಒಬಿಸಿ ಕೆನೆಪದರಕ್ಕೂ (ಹಿಂದುಳಿದ ವರ್ಗದಲ್ಲೇ ಮೀಸಲಾತಿ ಸಿಗದ ಅನುಕೂಲಸ್ಥರು) ಕೇಂದ್ರದಲ್ಲಿ 8 ಲಕ್ಷವೇ, ಆದ್ರೆ ಅಲ್ಲಿ ಸಂಬಳ ಮತ್ತು ಕೃಷಿ ಆದಾಯ ಆ ಲೆಕ್ಕಕ್ಕೆ ಸೇರಲ್ಲ, ಆರ್ಥಿಕ ದುರ್ಬಲ ವರ್ಗದ ಲೆಕ್ಕಕ್ಕೆ ಎಲ್ಲವೂ ಸೇರುತ್ತೆ. ಇದನ್ನ ಬಹಳ ಜನ ಗೊಂದಲ ಮಾಡ್ಕೋತಾರೆ, ದಯವಿಟ್ಟು ಬೇರೆ ಬೇರೆ ಬರ್ಕೊಳ್ಳಿ. ಇನ್ನು 2025ರ ಬಜೆಟ್ ಪ್ರಕಾರ ಹೊಸ ಪದ್ಧತೀಲಿ 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ. ಹಾಗಾದ್ರೆ 9 ಲಕ್ಷ ಸಂಬಳ ಬರೋ ಒಂದು ಮನೆ ಬಡವರ ಪಟ್ಟೀಲೂ ಇಲ್ಲ, ತೆರಿಗೆ ಕಟ್ಟೋರ ಪಟ್ಟೀಲೂ ಇಲ್ಲ. 3 ಲಕ್ಷದ ಮನೆಗೆ ಬಿಪಿಎಲ್ ಕಾರ್ಡೂ ಇಲ್ಲ, ತೆರಿಗೆ ವಿನಾಯ್ತಿಯಿಂದ ಬಂದ ಹೊಸ ಲಾಭವೂ ಇಲ್ಲ. ಈ ಎರಡೂ ಮನೆಯವ್ರು ತಮ್ಮನ್ನ ಮಧ್ಯಮ ವರ್ಗ ಅಂತಲೇ ಕರ್ಕೊಳ್ತಾರೆ.

ಈಗ 12 ಲಕ್ಷದ ಲೆಕ್ಕ ಕೈಯಲ್ಲೇ ಮಾಡಿ ನೋಡೋಣ, ಯಾಕಂದ್ರೆ ನಮ್ಮ ಗುಂಪಲ್ಲೇ ಮೂರು ಜನ ತಪ್ಪು ತಿಳ್ಕೊಂಡಿದ್ರು. ಮೊದಲ 4 ಲಕ್ಷಕ್ಕೆ ಸೊನ್ನೆ, 4ರಿಂದ 8ಕ್ಕೆ 5% ಅಂದ್ರೆ 20,000, 8ರಿಂದ 12ಕ್ಕೆ 10% ಅಂದ್ರೆ 40,000. ಒಟ್ಟು 60,000. ಈ 60,000 ಪೂರ್ತಿ ರಿಬೇಟ್ ಆಗಿ ಬಿಟ್ಟುಹೋಗುತ್ತೆ, 1961ರ ಕಾಯ್ದೇಲಿ ಅದು ಸೆಕ್ಷನ್ 87ಎ. ಅಂದ್ರೆ 12 ಲಕ್ಷದವರೆಗೆ ಸೊನ್ನೆ ದರದ ಸ್ಲ್ಯಾಬ್ (ಆದಾಯದ ಹಂತ) ಅಲ್ಲ, ಅದು ರಿಬೇಟಿನ ಮಿತಿ. ಸಂಬಳದಾರರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಿಂದ ಮೊದಲೇ ಕಳೆಯೋ ಮೊತ್ತ) ಸೇರಿ 12.75 ಲಕ್ಷದವರೆಗೆ ಸೊನ್ನೆ. ಮಿತಿ ಸ್ವಲ್ಪ ದಾಟಿ ತೆರಿಗೆಗೆ ಒಳಪಡೋ ಆದಾಯ 12,10,000 ಆಯ್ತು ಅನ್ಕೊಳ್ಳಿ, ಸ್ಲ್ಯಾಬ್ ಪ್ರಕಾರ 61,500 ಬರ್ಬೇಕು, ಆದ್ರೆ ಹತ್ತು ಸಾವಿರ ಜಾಸ್ತಿ ದುಡಿದಿದ್ದಕ್ಕೆ ಅರವತ್ತು ಸಾವಿರ ಕಟ್ಟಿಸೋದು ಅನ್ಯಾಯ ಅಂತ ಮಾರ್ಜಿನಲ್ ರಿಲೀಫ್ ಕೊಟ್ಟು 10,000ಕ್ಕೆ ನಿಲ್ಲಿಸ್ತಾರೆ, ಅದರ ಮೇಲೆ 4% ಸೆಸ್. ‘ಗೆರೆ ದಾಟಿದ್ರೆ ಇಡೀ ಸಂಬಳಕ್ಕೆ ಟ್ಯಾಕ್ಸ್’ ಅನ್ನೋ ಮಾತು ತಪ್ಪು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಸೆಕ್ಷನ್ ನಂಬರುಗಳು ಬದಲಾಗಿವೆ, ಹಳೇ ಗೈಡ್ ಇಟ್ಕೊಂಡೋರು ನೋಡ್ಕೊಳ್ಳಿ.

ಬಿಜೆಪಿ ಇದನ್ನ ಮಧ್ಯಮ ವರ್ಗಕ್ಕೆ ಕೊಟ್ಟ ದೊಡ್ಡ ಉಡುಗೊರೆ ಅಂತ ಹೇಳುತ್ತೆ. ನೇರ ತೆರಿಗೇಲಿ ಸುಮಾರು 1 ಲಕ್ಷ ಕೋಟಿ ಬಿಟ್ಟುಕೊಟ್ಟಿದೀವಿ ಅಂತ ನಿರ್ಮಲಾ ಸೀತಾರಾಮನ್ ಬಜೆಟ್‌ನಲ್ಲೇ ಹೇಳಿದ್ರು, ಆ ದುಡ್ಡು ಜನರ ಕೈಲಿದ್ರೆ ಖರ್ಚಾಗುತ್ತೆ, ಖರ್ಚಾದ್ರೆ ಮಾರ್ಕೆಟ್ ನಡೆಯುತ್ತೆ ಅನ್ನೋದು ಅವರ ವಾದ. ಕಾಂಗ್ರೆಸ್ ಹೇಳೋದು, ದೇಶದ ಬಹುಪಾಲು ಜನ ಆದಾಯ ತೆರಿಗೆಯ ಹತ್ರಾನೂ ಬರಲ್ಲ, ಅವರು ಕಟ್ಟೋದು ಜಿಎಸ್‌ಟಿ ಮತ್ತು ಪೆಟ್ರೋಲ್ ಡೀಸೆಲ್ ಮೇಲಿನ ತೆರಿಗೆ, ಅದೇ 2019ರ ಸೆಪ್ಟೆಂಬರ್‌ನಲ್ಲಿ ಕಂಪನಿಗಳ ತೆರಿಗೆ ಮೂಲ ದರ 30ರಿಂದ 22%ಗೆ ಇಳಿಸಿದ್ರಲ್ಲ ಅಂತ. ಕೇಂದ್ರದ ಉತ್ತರ, ಕಂಪನಿ ಹೂಡಿಕೆ ಮಾಡಿದ್ರೇ ಕೆಲಸ ಹುಟ್ಟೋದು.

ಪರೋಕ್ಷ ತೆರಿಗೆ ಬಡವರಿಗೆ ಜಾಸ್ತಿ ಭಾರ ಅಂತ ಪುಸ್ತಕದಲ್ಲಿ ಓದಿದ್ರೆ ತಲೆಗೆ ಹೋಗಲ್ಲ, ಅಕ್ಕಿ ಚೀಲ ನೋಡಿ. ನಮ್ಮ ಬೀದಿ ಅಂಗಡೀಲಿ 26 ಕೆಜಿ ಅಕ್ಕಿ ಚೀಲ ಇಟ್ಟಿದಾರೆ, ಮೊದಲೆಲ್ಲ 25 ಇರ್ತಿತ್ತು. ಒಂದು ಕೆಜಿ ಯಾಕೆ ಜಾಸ್ತಿ ಅಂದ್ರೆ 2022ರ ಜುಲೈ 18ರಿಂದ ಲೇಬಲ್ ಹಾಕಿ ಪ್ಯಾಕ್ ಮಾಡಿದ ಅಕ್ಕಿ 25 ಕೆಜಿ ತನಕ ಇದ್ರೆ 5% ಜಿಎಸ್‌ಟಿ, ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಒಂದೇ ಸಲ ಚೀಲ ಹೊತ್ಕೊಂಡು ಹೋಗೋ ಶಕ್ತಿ ಇದ್ದ ಮನೆಗೆ ತೆರಿಗೆ ಸೊನ್ನೆ, ಬೈತ್ಕೋಲ್ ಕಡೆ ಮೀನು ಮಾರಿ ಸಂಜೆ ಐದು ಕೆಜಿ ಪ್ಯಾಕೆಟ್ ತಗೊಂಡು ಹೋಗೋ ಅಕ್ಕನಿಗೆ 5%. ಅವರ ಹತ್ರ ಪ್ಯಾನ್ ಕಾರ್ಡೇ ಇಲ್ದೆ ಇರ್ಬಹುದು, ತೆರಿಗೆ ಮಾತ್ರ ಕಟ್ತಿದಾರೆ. ‘ನಮ್ಮ ತೆರಿಗೆ ದುಡ್ಡಲ್ಲಿ ಅವ್ರಿಗೆ ಫ್ರೀ’ ಅಂತ ಯಾರಾದ್ರೂ ಅಂದಾಗ ನಂಗೆ ಆ ಅಕ್ಕನ ಕೈಚೀಲ ನೆನಪಾಗಿ ಬೇಜಾರಾಗುತ್ತೆ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಮುಖ್ಯವಾಗಿ 5% ಮತ್ತು 18% ಎರಡೇ ದರಕ್ಕೆ ಬಂತು, ಐಷಾರಾಮಿ ಮತ್ತು ಹಾನಿಕರ ವಸ್ತುಗಳಿಗೆ 40%. ಸೋಪು, ಟೂತ್‌ಪೇಸ್ಟ್ 18ರಿಂದ 5ಕ್ಕೆ ಇಳೀತು, ವೈಯಕ್ತಿಕ ಆರೋಗ್ಯ ಮತ್ತು ಜೀವ ವಿಮೆ ಕಂತಿಗೆ ಸೊನ್ನೆ. ಕೇಂದ್ರ ಇದನ್ನ ಸುಧಾರಣೆ ಅಂತು, ವಿರೋಧ ಪಕ್ಷಗಳು ನಾವು ಎಂಟು ವರ್ಷದಿಂದ ಕೇಳ್ತಿದ್ದಿದ್ದು ಅಂದ್ವು, ಕರ್ನಾಟಕ ಸೇರಿದಂತೆ ಕೆಲವು ರಾಜ್ಯಗಳು ನಮ್ಮ ಆದಾಯ ಖೋತಾ ಆಗೋದನ್ನ ಯಾರು ತುಂಬ್ಕೊಡ್ತಾರೆ ಅಂತ ಕೇಳಿದ್ವು.

ರಾಜ್ಯಕ್ಕೆ ಬಂದ್ರೆ ಪಾತ್ರ ಅದಲುಬದಲು. 2023ರಿಂದ ಕಾಂಗ್ರೆಸ್ ಸರ್ಕಾರದ ಐದು ಗ್ಯಾರಂಟಿ, ವರ್ಷಕ್ಕೆ 50,000 ಕೋಟಿಗೂ ಮೇಲೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿ ಪೆಟ್ರೋಲ್ ಡೀಸೆಲ್ ಲೀಟರಿಗೆ ಸುಮಾರು 3 ರೂಪಾಯಿ ಜಾಸ್ತಿ ಆದಾಗ ಬೀದಿಗಿಳಿದಿದ್ದು ಬಿಜೆಪಿ: ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ಕೊಳ್ತಿದಾರೆ ಅಂತ. ಕಾಂಗ್ರೆಸ್ ಉತ್ತರ, ತಿಂಗಳಿಗೆ 2,000 ನೇರ ಮನೆಯೊಡತಿ ಖಾತೆಗೆ ಹೋಗ್ತಿದೆ, ಅವರೂ ಅದನ್ನ ಇದೇ ಮಾರ್ಕೆಟ್ಟಲ್ಲಿ ಖರ್ಚು ಮಾಡ್ತಾರೆ. ಗಮನ ಇಟ್ಟು ನೋಡಿ, ಕೇಂದ್ರದಲ್ಲಿ ಬಿಜೆಪಿ ತೆರಿಗೆ ವಿನಾಯ್ತಿಗೆ ಕೊಡೋ ಕಾರಣಾನೂ ಇದೇ, ಜನರ ಕೈಲಿ ದುಡ್ಡು ಓಡಾಡಲಿ. ಸಿದ್ಧಾಂತ ಒಂದೇ, ದುಡ್ಡು ಇಡೋ ಕೈ ಬೇರೆ. ಈ ವಾಕ್ಯ ಉತ್ತರದಲ್ಲಿ ಬರೆದ್ರೆ ಖಂಡಿತ ಲಾಭ.

ಕೇಂದ್ರ ರಾಜ್ಯದ ಪಾಲಿನ ಜಗಳದಲ್ಲಿ ಸಂವಿಧಾನದ 280ನೇ ವಿಧಿ (ಕೇಂದ್ರದ ತೆರಿಗೆಯನ್ನ ರಾಜ್ಯಗಳಿಗೆ ಹೇಗೆ ಹಂಚ್ಬೇಕು ಅಂತ ಹೇಳೋ ಹಣಕಾಸು ಆಯೋಗದ್ದು) ಮತ್ತು ಎರಡು ಅಂಕಿ ಬಾಯಿಪಾಠ ಬೇಕು: ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ 4.713%, 2026ರ ಮಾರ್ಚ್ ತನಕ ಇದ್ದ 15ನೇದ್ರಲ್ಲಿ 3.647%. ‘ನನ್ನ ತೆರಿಗೆ ನನ್ನ ಹಕ್ಕು’ ಅಂತ ಸಿದ್ದರಾಮಯ್ಯ ಸರ್ಕಾರ 2024ರ ಫೆಬ್ರವರಿ 7ರಂದು ದೆಹಲಿ ಜಂತರ್ ಮಂತರ್‌ನಲ್ಲಿ ಧರಣಿ ಕೂತಿದ್ದು ಇದಕ್ಕೇ. ಪಾಲು ನಿರ್ಧಾರ ಮಾಡೋದು ಆಯೋಗ, ನಾವಲ್ಲ ಅಂತ ಕೇಂದ್ರ. ರಾಜ್ಯದ ಇನ್ನೊಂದು ದೂರು, ಸೆಸ್ ಸರ್ಚಾರ್ಜ್ ಹಂಚಿಕೆಯ ಗಂಟಿಗೆ ಸೇರಲ್ಲ, ಅದು ಪೂರ್ತಿ ಕೇಂದ್ರಕ್ಕೆ. ಪಾಲು ಇಳಿಯೋಕೆ ದೊಡ್ಡ ಕಾರಣ ‘ಆದಾಯ ಅಂತರ’ ಅನ್ನೋ ಮಾನದಂಡ, 15ನೇ ಆಯೋಗದಲ್ಲಿ ಅದಕ್ಕೆ 45% ತೂಕ. ಬೆಂಗಳೂರಿನ ಆದಾಯ ಸೇರಿ ಇಡೀ ರಾಜ್ಯದ ಸರಾಸರಿ ಮೇಲಕ್ಕೆ ಹೋಗುತ್ತೆ, ರಾಜ್ಯ ಶ್ರೀಮಂತ ಅನ್ನಿಸ್ಕೊಂಡು ಪಾಲು ಕಮ್ಮಿ ಆಗುತ್ತೆ. ಅರಣ್ಯಕ್ಕೆ ಅಲ್ಲಿ 10% ತೂಕ ಇತ್ತು, ನಮ್ಮ ಉತ್ತರ ಕನ್ನಡದ ಮುಕ್ಕಾಲು ಭಾಗಕ್ಕೂ ಹೆಚ್ಚು ಕಾಡು, ಆ ಕಾಡಿನ ಲೆಕ್ಕದಲ್ಲಿ ಬಂದ ದುಡ್ಡು ರಾಜ್ಯದ ಖಜಾನೆಗೆ ಹೋಗುತ್ತೆ. ಅಲ್ಲಿಂದ ಜಿಲ್ಲೆಗೆ ಎಷ್ಟು ಬರುತ್ತೆ ಅನ್ನೋದು ನಮಗೆ ಗೊತ್ತಾಗಲ್ಲ. ಜೋರು ಆಕ್ಸಿಡೆಂಟ್ ಆದ್ರೆ ಇವತ್ತಿಗೂ ಆಂಬುಲೆನ್ಸ್ ಗೋವಾಕ್ಕೋ ಮಣಿಪಾಲಕ್ಕೋ ಓಡ್ಬೇಕು. ದೆಹಲಿ ಮುಂದೆ ರಾಜ್ಯ ಹೇಳೋ ಮಾತನ್ನ ಬೆಂಗಳೂರಿನ ಮುಂದೆ ಈ ಜಿಲ್ಲೆಯೂ ಹೇಳ್ಬೇಕು ಅನ್ನೋದು ನನ್ನ ಗಟ್ಟಿ ನಂಬಿಕೆ.

ಎರಡೂ ಪಕ್ಷ ಜಗಳ ಆಡದ ಜಾಗವೂ ಒಂದಿದೆ, ಕೃಷಿ ಆದಾಯ. ಅದರ ಮೇಲೆ ಕೇಂದ್ರ ಆದಾಯ ತೆರಿಗೆ ಹಾಕೋ ಹಾಗಿಲ್ಲ, ಸಂವಿಧಾನದ ರಾಜ್ಯ ಪಟ್ಟಿಯ 46ನೇ ನಮೂದಿನ ಪ್ರಕಾರ ಆ ಅಧಿಕಾರ ರಾಜ್ಯದ್ದು. ಶಿರಸಿ ಕಡೆ ಒಳ್ಳೇ ಅಡಿಕೆ ತೋಟ ಇದ್ದವರ ಆದಾಯಕ್ಕೆ ಇಲ್ಲದ ತೆರಿಗೆ ಪಕ್ಕದ ಮನೆ ಲೆಕ್ಚರರ್ ಸಂಬಳಕ್ಕಿದೆ. ಆದ್ರೆ ಕೊಳೆ ರೋಗ ಬಂದ ವರ್ಷ ತೋಟದವ್ರ ಪಾಡು ಸಂಬಳದವ್ರಿಗೆ ಇಲ್ಲ, ಅದನ್ನೂ ಬರೀರಿ. ನಮ್ಮ ಜಿಲ್ಲೆಗೆ ತೆರಿಗೆ ಜಗಳ ಹೊಸದಲ್ಲ, 1930ರ ದಶಕದಲ್ಲಿ ಅಂಕೋಲಾ, ಸಿದ್ದಾಪುರದ ರೈತರು ಕಂದಾಯ ಕಟ್ಟಲ್ಲ ಅಂತ ಕೂತು ಜಮೀನು ಜಪ್ತಿ ಆದ್ರೂ ಬಗ್ಗಲಿಲ್ಲ, ಅದಕ್ಕೇ ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ (ಕಂದಾಯ ನಿರಾಕರಣೆಗೆ ಹೆಸರಾದ ಗುಜರಾತಿನ ಊರು) ಅನ್ನೋ ಹೆಸರು.

ಇನ್ನು ಸರ್ಕಾರಿ ಕೆಲಸ. ನಮ್ಮಲ್ಲಿ ದೊಡ್ಡ ಕಂಪನಿಗಳಿಲ್ಲ, ಹಾಗಾಗಿ ಮಧ್ಯಮ ವರ್ಗಕ್ಕೆ ಕಾಲಿಡೋ ಬಾಗಿಲೇ ಸರ್ಕಾರಿ ಕೆಲಸ, ಅಪ್ಪ ದೋಣಿಗೆ ಹೋಗ್ತಿದ್ರೆ ಮಗಳು ಟೀಚರ್ ಆದ ದಿನ ಆ ಮನೆ ಗೆರೆ ದಾಟಿತು. ಮಂಜೂರಾದ ಹುದ್ದೆಗಳಲ್ಲಿ ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ ಇವೆ. ವಿರೋಧದಲ್ಲಿದ್ದಾಗ ಎಲ್ಲಾ ಪಕ್ಷಾನೂ ತುಂಬಿ ಅನ್ನುತ್ತೆ, 2024ರ ಪ್ರಣಾಳಿಕೇಲಿ ಕಾಂಗ್ರೆಸ್ ಕೇಂದ್ರದ 30 ಲಕ್ಷ ಹುದ್ದೆ ತುಂಬ್ತೀವಿ ಅಂದಿತ್ತು, ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಿಂದ ರೋಜ್‌ಗಾರ್ ಮೇಳದಲ್ಲಿ ನೇಮಕಾತಿ ಪತ್ರ ಕೊಡ್ತಿದೆ. ಅಧಿಕಾರಕ್ಕೆ ಬಂದ್ಮೇಲೆ ಯಾರೇ ಇರ್ಲಿ ಹೊರಗುತ್ತಿಗೆ ಬೆಳೆಯುತ್ತೆ. ಕಾರಣ ದುಡ್ಡು: 2024ರ ಆಗಸ್ಟ್ 1ರಿಂದ ಜಾರಿಯಾದ ರಾಜ್ಯದ 7ನೇ ವೇತನ ಆಯೋಗದಿಂದ ಕನಿಷ್ಠ ಮೂಲ ವೇತನ 17,000ದಿಂದ 27,000 ಆಯ್ತು, ರಾಜ್ಯಕ್ಕೆ ವರ್ಷಕ್ಕೆ ಸುಮಾರು 20,000 ಕೋಟಿ ಹೆಚ್ಚುವರಿ ಹೊರೆ. ಅದೇ ದುಡ್ಡಲ್ಲಿ ಇದ್ದವರ ಸಂಬಳ ಏರಿಸ್ಬೇಕಾ, ಹೊಸಬರನ್ನ ತಗೋಬೇಕಾ ಅನ್ನೋದು ನಿಜವಾದ ಪ್ರಶ್ನೆ, ಅದನ್ನ ಯಾವ ಪಕ್ಷಾನೂ ವೇದಿಕೆ ಮೇಲೆ ಬಿಡಿಸಿ ಹೇಳಲ್ಲ. ಕಾಯೋದು ಮಾತ್ರ ನಾವು. ನಮ್ಮ ಗುಂಪಲ್ಲಿ ಒಬ್ಬಳಿಗೆ ವಯೋಮಿತಿಗೆ ಇನ್ನು ಒಂದೇ ವರ್ಷ ಇದೆ, ಅವಳು ನೋಟಿಫಿಕೇಶನ್ ಬಂತಾ ಅಂತ ದಿನಾ ಬೆಳಿಗ್ಗೆ ಫೋನ್ ನೋಡೋದನ್ನ ಕಂಡ್ರೆ ಸಂಕಟ ಆಗುತ್ತೆ.

ಪಿಂಚಣಿ ವಿಷಯಕ್ಕೆ ನಮ್ಮ ಅತ್ತೆ ಪೇ ಸ್ಲಿಪ್ ಸಾಕು. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವ್ರಿಗೆ ಎನ್‌ಪಿಎಸ್, ಅಂದ್ರೆ ಸಂಬಳದಿಂದ ಕಂತು ಕಟ್ಟೋ ಹೊಸ ಪಿಂಚಣಿ. ಅತ್ತೆ ಸೇರಿದ್ದು 2007ರಲ್ಲಿ, ಸ್ಲಿಪ್‌ನಲ್ಲಿ ತಿಂಗಳಾ ಮೂಲ ವೇತನ ಮತ್ತು ತುಟ್ಟಿಭತ್ಯೆಯ 10% ಕಡಿತ. ಅದೇ ಸ್ಟಾಫ್ ರೂಮಲ್ಲಿ ಪಕ್ಕದ ಕುರ್ಚೀಲಿ ಕೂರೋ ಮೇಡಂ 2005ರಲ್ಲಿ ಸೇರಿದವ್ರು, ಆ ಸಾಲೇ ಇಲ್ಲ, ನಿವೃತ್ತಿ ಆದ್ಮೇಲೆ ಖಾತ್ರಿ ಪಿಂಚಣಿ. ಇಬ್ರೂ ಕಲಿಸೋದು ಒಂದೇ ಪಾಠ. ರಾಜಸ್ಥಾನ, ಹಿಮಾಚಲದಲ್ಲಿ ಕಾಂಗ್ರೆಸ್ ಸರ್ಕಾರಗಳು ಹಳೇ ಪಿಂಚಣಿ ವಾಪಸ್ ತಂದ್ವು, ಕೇಂದ್ರ ಅದು ಮುಂದಿನ ಪೀಳಿಗೆ ಮೇಲೆ ಹೊರೆ ಅಂತ ಒಪ್ಪದೆ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ತಂತು, 25 ವರ್ಷ ಸೇವೆ ಆದ್ರೆ ಕೊನೇ 12 ತಿಂಗಳ ಸರಾಸರಿ ಮೂಲ ವೇತನದ 50%.

ಕೊನೇದು, ನಮ್ಮೂರಲ್ಲಿ ಪದೇ ಪದೇ ಕೇಳೋ ಪ್ರಶ್ನೆ. ಕೈಗಾ ಅಣುಸ್ಥಾವರಕ್ಕೆ, ಸೀಬರ್ಡ್ ನೌಕಾನೆಲೆಗೆ ಜಮೀನು ಮನೆ ಬಿಟ್ಟುಕೊಟ್ಟವ್ರು ನಾವು, ಅಲ್ಲಿನ ಕೆಲಸ ನಮ್ಮವ್ರಿಗೇ ಅಂತ ಕಾನೂನು ಯಾಕಿಲ್ಲ? ಚುನಾವಣೆ ಬಂದಾಗ ಎಲ್ರೂ ಭರವಸೆ ಕೊಡ್ತಾರೆ. ಆದ್ರೆ ಸಂವಿಧಾನದ 16(2) ಹುಟ್ಟಿದ ಸ್ಥಳ, ವಾಸಸ್ಥಳದ ಆಧಾರದಲ್ಲಿ ಸರ್ಕಾರಿ ಕೆಲಸಕ್ಕೆ ಭೇದ ಮಾಡೋ ಹಾಗಿಲ್ಲ ಅನ್ನುತ್ತೆ. ವಾಸಸ್ಥಳದ ಷರತ್ತು ಹಾಕೋಕೆ 16(3) ದಾರಿ ಬಿಟ್ಟಿದೆ, ಆ ಕಾನೂನು ಮಾಡೋ ಅಧಿಕಾರ ಪಾರ್ಲಿಮೆಂಟಿಗೆ ಮಾತ್ರ, ಅದೂ ರಾಜ್ಯ ಅಥವಾ ಕೇಂದ್ರಾಡಳಿತ ಪ್ರದೇಶದ ಕೆಳಗಿನ ಹುದ್ದೆಗಳಿಗೆ, ಕೇಂದ್ರದ ಹುದ್ದೆಗೆ ಅದು ಅನ್ವಯಿಸಲ್ಲ. 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿ ಆಮೇಲೆ ತಡೆಹಿಡಿದ ಸ್ಥಳೀಯರ ಮೀಸಲು ಮಸೂದೆ ಖಾಸಗಿ ಕೆಲಸದ್ದು, ಇದಕ್ಕೂ ಅದಕ್ಕೂ ಸೇರಿಸಿ ಬರೀಬೇಡಿ. ನಿರಾಶ್ರಿತರಿಗೆ ನ್ಯಾಯ ಕೇಳೋದಾದ್ರೆ ಪುನರ್ವಸತಿ ಹಕ್ಕು ಅಂತ ಕೇಳ್ಬೇಕು, ‘ಸ್ಥಳೀಯರು’ ಅನ್ನೋ ಪದದ ಮೇಲೆ ನಿಂತ್ರೆ ಕೋರ್ಟಲ್ಲಿ ನಿಲ್ಲೋದು ಕಷ್ಟ.